ಜ್ಞಾನ ಬಂದರೆ ಕಾಯಿಲೆ ಸುಟ್ಟುಹೋಗುತ್ತದೆಯೇ?

ಪ್ರಶ್ನೆ: ನಮ್ಮ ಭಾವನಿಗೆ ಕ್ಯಾನ್ಸರ್. ಇದು ಹಿಂದಿನ ಜನ್ಮದ ಕರ್ಮ, ಶಿಬಿರಕ್ಕೆ ಬಂದು ಆತ್ಮಜ್ಞಾನ ಪಡೆದರೆ ಸುಟ್ಟುಹೋಗುತ್ತದೆ, ಗೀತೆಯಲ್ಲೇ ಇದೆ ಎಂದು ಒಬ್ಬ ಗುರುಗಳು ಹೇಳಿದ್ದಾರೆ. ಶುಲ್ಕ ತುಂಬಾ ಜಾಸ್ತಿ. ಭಾವ ಕೀಮೋ ಬಿಡುವ ಯೋಚನೆಯಲ್ಲಿದ್ದಾರೆ.

ಉತ್ತರ: ಕೀಮೋ ಬಿಡಬೇಡಿ ಎಂದು ಅವರಿಗೆ ಇವತ್ತೇ ಹೇಳಿ. ಉಳಿದದ್ದನ್ನು ಆಮೇಲೆ ಓದಿ.

ಈ ಪ್ರಶ್ನೆ ನನಗೆ ಮತ್ತೆ ಮತ್ತೆ ಬರುತ್ತಿದೆ, ಪ್ರತಿ ಸಲ ಸಿಟ್ಟೂ ಬರುತ್ತದೆ. ಎಲ್ಲರ ಬಾಯಲ್ಲೂ ಗೀತೆಯ 4ನೇ ಅಧ್ಯಾಯದ 37ನೇ ಶ್ಲೋಕ. ಜ್ಞಾನದ ಬೆಂಕಿ ಎಲ್ಲ ಕರ್ಮವನ್ನೂ ಬೂದಿ ಮಾಡುತ್ತದೆ ಎಂದು ಅಲ್ಲಿದೆ, ನಿಜ. ಆದರೆ ಅದೇ ಶ್ಲೋಕದ ಭಾಷ್ಯದಲ್ಲಿ ಶಂಕರಾಚಾರ್ಯರು ಬರೆದದ್ದನ್ನು ಇವರು ಯಾರೂ ಹೇಳುವುದಿಲ್ಲ. ಈ ದೇಹ ಯಾವ ಕರ್ಮದಿಂದ ಬಂತೋ ಅದು ಆಗಲೇ ಫಲ ಕೊಡಲು ಶುರು ಮಾಡಿದೆ, ಅನುಭವಿಸಿಯೇ ಅದು ತೀರಬೇಕು. ಅದೇ ಪ್ರಾರಬ್ಧ. ಜ್ಞಾನ ಸುಡುವುದು ಸಂಚಿತವನ್ನು, ಅಂದರೆ ಕೂಡಿಟ್ಟ, ಇನ್ನೂ ಫಲ ಕೊಡಲು ಶುರು ಮಾಡದ ಕರ್ಮವನ್ನು. ಕುಂಬಾರ ಕೈ ತೆಗೆದ ಮೇಲೂ ಚಕ್ರ ವೇಗ ಇರುವ ತನಕ ತಿರುಗುತ್ತದೆ, ಪ್ರಾರಬ್ಧವೂ ಹಾಗೇ ಎಂದು ಬ್ರಹ್ಮಸೂತ್ರ ಭಾಷ್ಯದಲ್ಲಿ ಹೇಳಿದವರೂ ಅವರೇ. ಎಷ್ಟೋ ವಿಷಯಗಳಲ್ಲಿ ಅವರನ್ನು ಒಪ್ಪದ ಮಧ್ವಾಚಾರ್ಯರು ಕೂಡ ಜ್ಞಾನಿಗೆ ಪ್ರಾರಬ್ಧ ಉಳಿಯುತ್ತದೆ ಎನ್ನುತ್ತಾರೆ.

ರಾಮಕೃಷ್ಣ ಪರಮಹಂಸರು 1886ರಲ್ಲಿ ಗಂಟಲಿನ ಕ್ಯಾನ್ಸರ್‌ನಿಂದ ಹೋದರು. ರಮಣ ಮಹರ್ಷಿಗಳು 1950ರಲ್ಲಿ, ತೋಳಿನ ಗೆಡ್ಡೆಯಿಂದ. ಅದಕ್ಕೆ ಒಂದಲ್ಲ, ಹಲವು ಸಲ ಶಸ್ತ್ರಚಿಕಿತ್ಸೆ ಆಗಿತ್ತು. ಅವರಿಗೆ ಜ್ಞಾನ ಸಾಲದಾಗಿತ್ತು ಎಂದು ನಿಮ್ಮ ಗುರುಗಳು ಹೇಳುತ್ತಾರೆಯೇ? ಕೇಳಿ ನೋಡಿ.

ಪ್ರಾರಬ್ಧ ಅಂದಮೇಲೆ ಔಷಧಿ ಯಾಕೆ ಅಂತ ಸುಮ್ನೆ ಕೂರುವುದೂ ತಪ್ಪು. ದೈವ, ಅಂದರೆ ಹಿಂದಿನ ಜನ್ಮದ ಕರ್ಮ, ದುರ್ಬಲವಾಗಿದ್ದರೆ ಮನುಷ್ಯನ ಪ್ರಯತ್ನ ಅದನ್ನು ಸೋಲಿಸುತ್ತದೆ ಎಂದು ಆಯುರ್ವೇದದ ಗ್ರಂಥ ಚರಕ ಸಂಹಿತೆಯ ವಿಮಾನಸ್ಥಾನ ಎಂಬ ಭಾಗದಲ್ಲಿದೆ. ದೈವ ಎಷ್ಟು ಗಟ್ಟಿ ಎಂದು ಮೊದಲೇ ಯಾರಿಗೆ ಗೊತ್ತು? ಅದಕ್ಕೇ ಚಿಕಿತ್ಸೆ ಮಾಡಿಸಲೇಬೇಕು.

ಇನ್ನು ನಿಮ್ಮ ಭಾವ ಮಾಡಿದ ಯಾವ ಕರ್ಮಕ್ಕೆ ಈ ಕಾಯಿಲೆ? ಕರ್ಮದ ದಾರಿ ತಿಳಿಯುವುದು ಕಷ್ಟ ಎಂದು ಅದೇ 4ನೇ ಅಧ್ಯಾಯದಲ್ಲಿ ಕೃಷ್ಣನೇ ಹೇಳಿದ್ದಾನೆ. ಹಾಗಿರುವಾಗ ನೋವಿನಲ್ಲಿರುವವರ ಮುಂದೆ ಕೂತು "ನೀನು ಏನೋ ಪಾಪ ಮಾಡಿದ್ದೀಯ" ಎನ್ನುವುದು ಬರೀ ಕ್ರೌರ್ಯ. ಶುಲ್ಕದ ಮಾತು ಬೇರೆ. ಅವರು ಉದ್ಧರಿಸುವ ಶ್ಲೋಕಕ್ಕಿಂತ ಮೂರು ಶ್ಲೋಕ ಮೇಲೆ ನೋಡಿ: ನಮಸ್ಕಾರ ಮಾಡಿ, ಪ್ರಶ್ನೆ ಕೇಳಿ, ಸೇವೆ ಮಾಡಿ ಜ್ಞಾನ ತಿಳಿದುಕೋ ಎಂದಿದೆ. ದುಡ್ಡಿನ ಮಾತೇ ಇಲ್ಲ.

ಪ್ರಶ್ನೆ: ವಿಡಿಯೊ ಕಾಲ್‌ನಲ್ಲಿ ಹಿಂದಿನ ಜನ್ಮ ಹೇಳುತ್ತಾರಂತೆ. ಕೇಳಿಸಬಹುದಾ?

ಉತ್ತರ: ಬೇಡ.

ಪ್ರಶ್ನೆ: ಜ್ಞಾನಕ್ಕಾಗಿ ಬ್ಯಾಂಕ್ ಕೆಲಸ ಬಿಡಬೇಕೆಂದಿದ್ದೇನೆ. ಮಕ್ಕಳು ಇನ್ನೂ ಓದುತ್ತಿದ್ದಾರೆ.

ಉತ್ತರ: ಬಿಡಬೇಡಿ. ಜನಕ ರಾಜ್ಯ ಆಳುತ್ತಲೇ ಜ್ಞಾನಿಯಾಗಿದ್ದ. ಈಶಾವಾಸ್ಯ ಉಪನಿಷತ್ತು ಓದಿ, ಒಟ್ಟು 18 ಮಂತ್ರ ಅಷ್ಟೇ. ಕೆಲಸ ಮಾಡುತ್ತಲೇ ನೂರು ವರ್ಷ ಬದುಕಲು ಬಯಸಬೇಕು ಎಂದು ಎರಡನೆಯದರಲ್ಲೇ ಇದೆ.