ಮೊದಲು ಗುಂಡಿ ತೋಡಿ, ಆಮೇಲೆ ಹೆಸರು ಹೇಳಿ

ನಮಸ್ಕಾರ.

ಅಂಟಾರ್ಕ್ಟಿಕಾದ ಮೆಕ್‌ಮರ್ಡೋ ಒಣ ಕಣಿವೆಗಳ ಮಣ್ಣಿನ ನಕ್ಷೆ ಬಗ್ಗೆ ನೀವು ಕಳಿಸಿದ ಲೇಖನವನ್ನು ಎರಡು ಸಲ ಓದಿದೆ. ಈಗ ಇರುವ ಹಾಗೆ ಹಾಕಲು ಆಗುವುದಿಲ್ಲ. ಆದರೆ ಕೈಬಿಡಲೂ ಮನಸ್ಸಿಲ್ಲ. ವಿಷಯ ಅಷ್ಟು ಚೆನ್ನಾಗಿದೆ.

ಮೊದಲ ಪುಟದ ಪೆಂಗ್ವಿನ್, ಹಿಮಗಾಳಿ ಎಲ್ಲ ತೆಗೆಯಿರಿ. 1903ರಲ್ಲಿ ಈ ಕಣಿವೆಗಳಲ್ಲೊಂದಾದ ಟೇಲರ್ ಕಣಿವೆಗೆ ಇಳಿದ ಬ್ರಿಟಿಷ್ ಅನ್ವೇಷಕ ಸ್ಕಾಟ್‌ನ ತಂಡಕ್ಕೆ ಒಂದು ಜೀವಿಯೂ ಕಾಣಲಿಲ್ಲ, ಸಿಕ್ಕಿದ್ದು ಸೀಲ್ ಒಂದರ ಎಲುಬಿನ ಗೂಡು. ಅಲ್ಲಿಂದ ಶುರು ಮಾಡಿ.

ಮೂರನೇ ಪುಟದಲ್ಲಿ ಜೆಲಿಸಾಲ್, ಟರ್ಬೆಲ್, ಆರ್ಥೆಲ್ ಅಂತ ಸುಮ್ನೆ ಹೆಸರುಗಳನ್ನು ಸುರಿದಿದ್ದೀರಿ. ಓದುವವರು ಅಲ್ಲೇ ಪುಟ ಮಗುಚುತ್ತಾರೆ. ಜೆಲಿಸಾಲ್ ಅಂದರೆ ಪರ್ಮಾಫ್ರಾಸ್ಟ್ ಇರುವ ಮಣ್ಣು. ಹೆಪ್ಪುಗಟ್ಟಿ ಕರಗುವ ಆಟದಲ್ಲಿ ಪದರಗಳು ಕಲಸಿಹೋಗಿದ್ದರೆ ಟರ್ಬೆಲ್, ಹಾಗೆ ಕಲಸದೆ ಉಳಿದಿದ್ದರೆ ಆರ್ಥೆಲ್. ಇಷ್ಟೇ ಅಲ್ವಾ? ಹೀಗೇ ಹೇಳಿ.

ಒಂದು ತಪ್ಪೂ ಇದೆ. ‘ಪರ್ಮಾಫ್ರಾಸ್ಟ್ ಎಂದರೆ ಮಂಜುಗಡ್ಡೆ ತುಂಬಿದ ನೆಲ’ ಎಂದು ಬರೆದಿದ್ದೀರಿ. ಅಲ್ಲ. ಸತತ ಎರಡು ವರ್ಷವಾದರೂ ಸೊನ್ನೆ ಡಿಗ್ರಿ ಅಥವಾ ಅದಕ್ಕಿಂತ ಕೆಳಗಿರುವ ನೆಲ ಅದು. ನೀರು ಇರಲೇಬೇಕೆಂದಿಲ್ಲ. ನಿಮ್ಮ ಲೇಖನದ ಜೀವ ಇಲ್ಲೇ ಇದೆ! ಸಲಿಕೆ ಹಾಕಿದರೆ ಮಣ್ಣು ಪುಡಿಪುಡಿಯಾಗಿ ಬರುತ್ತದೆ, ಥರ್ಮಾಮೀಟರ್ ಚುಚ್ಚಿದರೆ ಸೊನ್ನೆಗಿಂತ ಎಷ್ಟೋ ಕೆಳಗೆ. ಹೆಪ್ಪುಗಟ್ಟಿಸಲು ಅಲ್ಲಿ ನೀರೇ ಇಲ್ಲ. ಈ ಒಣ ಮಣ್ಣಿಗೆಂದೇ ವರ್ಗೀಕರಣದಲ್ಲಿ ‘ಅನ್ಹೈ’ ಎಂದು ಶುರುವಾಗುವ ಹೆಸರುಗಳಿವೆ. ಓದುಗರ ಕೈಯನ್ನು ಆ ಗುಂಡಿಗೆ ಇಳಿಸಿ, ಆಮೇಲೆ ಹೆಸರು ಹೇಳಿ.

ನಕ್ಷೆಯ ಗೆರೆ ಎಲ್ಲಿ ಎಳೆಯುತ್ತಾರೆ ಅನ್ನೋದನ್ನು ಎರಡೇ ಸಾಲಲ್ಲಿ ಮುಗಿಸಿಬಿಟ್ಟಿದ್ದೀರಿ. ನನಗೆ ಜಾಸ್ತಿ ಬೇಕಾಗಿದ್ದು ಅದೇ. ಹಿಮನದಿ ಈಚೆಗೆ ಬಿಟ್ಟುಹೋದ ರಾಶಿಯಲ್ಲಿ ಕಲ್ಲುಗಳಿಗೆ ಇನ್ನೂ ಚೂಪು ಅಂಚು, ಹೊಸ ಬಣ್ಣ. ಹಳೆಯ ರಾಶಿಯಲ್ಲಿ ಗಾಳಿ ಉಜ್ಜಿ ನುಣುಪಾಗಿ ಕೆಂಪಗೆ ತಿರುಗಿರುತ್ತವೆ. ಕಲ್ಲು ಮಗುಚಿದರೆ ಅಡಿಯಲ್ಲಿ ಬಿಳಿ ಉಪ್ಪು. ತೊಳೆದು ಒಯ್ಯಲು ಮಳೆಯಿಲ್ಲ, ಹಾಗಾಗಿ ಸಾಮಾನ್ಯವಾಗಿ ನೆಲಕ್ಕೆ ವಯಸ್ಸಾದಷ್ಟೂ ಉಪ್ಪು ಹೆಚ್ಚು. ಈ ಗುರುತುಗಳು ಬದಲಾಗುವಲ್ಲೇ ಗೆರೆ. ಗುಂಡಿ ತೋಡುವವರು ಮಣ್ಣನ್ನು ನೆಲಕ್ಕೆ ಹಾಸಿದ ಹಾಳೆಯ ಮೇಲೆ ಹಾಕಿ, ಕೊನೆಗೆ ಗುಂಡಿ ಮುಚ್ಚಿ ಮೇಲಿನ ಕಲ್ಲುಗಳನ್ನು ಮತ್ತೆ ಹರಡುತ್ತಾರೆ. ಅಲ್ಲಿ ಹೆಜ್ಜೆ ಗುರುತೂ ಎಷ್ಟೋ ವರ್ಷ ಅಳಿಯುವುದಿಲ್ಲ. ಇದನ್ನೂ ಸೇರಿಸಿ.

‘ಸತ್ತ ಮಣ್ಣು’ ಎಂಬ ಮಾತು ಬೇಡ. ಅದರಲ್ಲಿ ಕಣ್ಣಿಗೆ ಕಾಣದಷ್ಟು ಸಣ್ಣ ದುಂಡುಹುಳುಗಳು ಬದುಕುತ್ತಿವೆ.

ನಾಲ್ಕು ಪುಟಕ್ಕೆ ಇಳಿಸಿ ಕಳಿಸಿ. ಮತ್ತೆ ನಾನೇ ಓದುತ್ತೇನೆ.

ಇಂತಿ,
ಸಂಪಾದಕ