ಸ್ಟಾರ್ ಕೆಲಸ ಮಾಡುವುದು ಹೊರಪೊರೆಯಲ್ಲಿ: ಲೇಖಕರೊಬ್ಬರಿಗೆ ಉತ್ತರ

ಆತ್ಮೀಯರೇ,

ಕೋಶದೊಳಗೆ ಎರಡು ಪೊರೆ ಹೊದ್ದ ಪುಟ್ಟ ಅಂಗವಾದ ಮೈಟೋಕಾಂಡ್ರಿಯವನ್ನು ಕೊಲೆಸ್ಟ್ರಾಲ್ ಸೇರಿ ಸ್ಟೆರಾಯ್ಡ್ ಹಾರ್ಮೋನ್ ಆಗುವ ಬಗೆ, ಅದನ್ನು ಒಳಗೆ ದಾಟಿಸುವ ‘ಸ್ಟಾರ್’ ಎಂಬ ಪ್ರೋಟೀನ್ ಕುರಿತ ನಿಮ್ಮ ಲೇಖನ ಓದಿದೆ. ಭಾಷೆ ತಿಳಿಯಾಗಿದೆ, ಇಂಥ ವಿಷಯ ಕೈಗೆತ್ತಿಕೊಂಡಿದ್ದೂ ಸಂತೋಷವೇ. ಆದರೆ ಮೂರನೆಯ ಪ್ಯಾರಾವನ್ನು ಇದ್ದ ಹಾಗೇ ಅಚ್ಚಿಗೆ ಕಳಿಸಲಾರೆ.

‘ಕೊಲೆಸ್ಟ್ರಾಲ್ ಮೈಟೋಕಾಂಡ್ರಿಯಕ್ಕೆ ಸಾಗಿಸಲ್ಪಡುತ್ತದೆ’ ಎಂದು ಶುರುಮಾಡಿದ್ದೀರಿ. ಯಾರು ಸಾಗಿಸಿದರು? ಎಲ್ಲಿಯವರೆಗೆ? ನಾನು ಕೆಲಸ ಕಲಿತ ಹಿರಿಯ ಸಂಪಾದಕರು ಪ್ರತಿ ಕ್ರಿಯಾಪದದ ಕೆಳಗೂ ಪೆನ್ಸಿಲಿನಲ್ಲಿ ಈ ಎರಡು ಪ್ರಶ್ನೆ ಬರೆಸುತ್ತಿದ್ದರು. ಇಲ್ಲಿ ‘ಎಲ್ಲಿಯವರೆಗೆ’ ಎಂಬುದೇ ಮುಖ್ಯ. ಹೊರಪೊರೆ ಮುಟ್ಟಿದ ಮಾತ್ರಕ್ಕೆ ಕೊಲೆಸ್ಟ್ರಾಲ್ ಹಾರ್ಮೋನ್ ಆಗುವುದಿಲ್ಲ. ಅದರ 27 ಇಂಗಾಲಗಳಲ್ಲಿ ಆರನ್ನು ಕತ್ತರಿಸಿ, ಸ್ಟೆರಾಯ್ಡ್ ಹಾರ್ಮೋನ್‌ಗಳ ಮೊದಲ ರೂಪವಾದ ಪ್ರೆಗ್ನೆನೊಲೋನ್ ಮಾಡುವ ಸಿವೈಪಿ11ಎ1 ಕಿಣ್ವ ಇರುವುದು ಒಳಪೊರೆಯಲ್ಲಿ, ಮ್ಯಾಟ್ರಿಕ್ಸ್ ಎಂಬ ತೀರಾ ಒಳಭಾಗದ ಬದಿಗೆ. ಎರಡು ಪೊರೆಗಳ ನಡುವೆ ನೀರಿನ ಜಾಗ. ನೀರಿನಲ್ಲಿ ಕರಗಲೊಲ್ಲದ ಕೊಲೆಸ್ಟ್ರಾಲ್ ಅದನ್ನು ತಾನಾಗಿ ಬೇಗ ದಾಟಲಾರದು. ಹಾರ್ಮೋನ್ ತಯಾರಿಕೆಯ ವೇಗ ನಿಂತಿರುವುದೇ ಈ ದಾಟುವಿಕೆಯ ಮೇಲೆ. ಸಾಕ್ಷಿ ಬೇಕೆ? ಕೊಲೆಸ್ಟ್ರಾಲ್‌ನದೇ ಒಂದು ರೂಪವಾದ, ನೀರಿನಲ್ಲಿ ಸರಾಗವಾಗಿ ಹಾಯುವ 22ಆರ್-ಹೈಡ್ರಾಕ್ಸಿಕೊಲೆಸ್ಟ್ರಾಲ್ ಕೊಟ್ಟರೆ, ಕಿಣ್ವವಿದ್ದು ಸ್ಟಾರ್ ಪ್ರೋಟೀನ್ ಇಲ್ಲದ ಕೋಶವೂ ಪ್ರೆಗ್ನೆನೊಲೋನ್ ತಯಾರಿಸುತ್ತದೆ. ಕಿಣ್ವ ನೆಟ್ಟಗಿದೆ, ಅಡ್ಡಿ ಸಾಗಣೆಯಲ್ಲಿದೆ ಎಂದು ಇದರಿಂದ ಗೊತ್ತಾಗುತ್ತದೆ. ಇಷ್ಟು ಒಳ್ಳೆಯ ಪ್ರಯೋಗವನ್ನು ಹೇಗೆ ಬಿಟ್ಟಿರಿ?

ಮುಂದಿನ ಸಾಲು ನನ್ನನ್ನು ನಿಜಕ್ಕೂ ಕೆರಳಿಸಿತು: ‘ಸ್ಟಾರ್ ಕೂಲಿಯಾಳಿನಂತೆ ಕೊಲೆಸ್ಟ್ರಾಲನ್ನು ಹೆಗಲ ಮೇಲೆ ಹೊತ್ತು ಒಳಗೆ ನಡೆಯುತ್ತದೆ.’ ಓದಲು ಚೆಂದ, ಸಂಗತಿ ತಲೆಕೆಳಗು. 37 ಕಿಲೋಡಾಲ್ಟನ್ (ಅಣುಗಳ ತೂಕದ ಅಳತೆ) ತೂಕದ ಸ್ಟಾರ್ ದುಡಿಯುವುದು ಹೊರಪೊರೆಯ ಮೇಲಿರುವಷ್ಟು ಹೊತ್ತು ಮಾತ್ರ. ಒಳಗೆ ಎಳೆಯಲ್ಪಟ್ಟು, ತುದಿ ಕತ್ತರಿಸಿಕೊಂಡು 30 ಕಿಲೋಡಾಲ್ಟನ್ ಆದಮೇಲೆ ಅದರ ಕೆಲಸ ಮುಗಿಯಿತು. ಒಳಗೆ ಹೋಗಲು ಬೇಕಾದ ಮೊದಲ 62 ಅಮೈನೊ ಆಮ್ಲಗಳನ್ನು ತೆಗೆದುಹಾಕಿದರೆ ಸ್ಟಾರ್ ಹೊರಗೇ ಉಳಿಯುತ್ತದೆ, ಆದರೂ ಕೊಲೆಸ್ಟ್ರಾಲ್ ದಾಟಿಸುವುದರಲ್ಲಿ ಕಡಿಮೆಯಾಗುವುದಿಲ್ಲ. ಇನ್ನೊಂದು ಲೆಕ್ಕ ನೋಡಿ: ಒಂದು ಸ್ಟಾರ್ ಅಣು ನಿಮಿಷಕ್ಕೆ ಸುಮಾರು 400 ಕೊಲೆಸ್ಟ್ರಾಲ್ ಅಣುಗಳನ್ನು ದಾಟಿಸುತ್ತದೆ, ಆದರೆ ಅದರ ಪೊಟರೆಯಲ್ಲಿ ಹಿಡಿಸುವುದು ಒಂದೇ. ಒಮ್ಮೆ ಒಳಹೊಕ್ಕರೆ ಹೊರಗೆ ಬಾರದ ಪ್ರೋಟೀನ್ ಹೊತ್ತುಕೊಂಡು ನಡೆದು ಇಷ್ಟನ್ನು ಸಾಗಿಸುವುದು ಸಾಧ್ಯವೇ ಇಲ್ಲ. ಕೂಲಿಯಾಳನ್ನು ಬಿಟ್ಟುಬಿಡಿ, ಬದಲಿಗೆ ಬೇರೊಂದು ಹೋಲಿಕೆ ಹುಡುಕಲೂ ಬೇಡಿ.

ಪ್ಯಾರಾದ ಕೊನೆಗೆ ‘ಸ್ಟಾರ್ ಇಲ್ಲದಿದ್ದರೆ ಸ್ಟೆರಾಯ್ಡ್ ಹುಟ್ಟುವುದೇ ಇಲ್ಲ’ ಎಂದಿದ್ದೀರಿ. ಆದರೆ ಮನುಷ್ಯರ ಜರಾಯು ಸ್ಟಾರ್ ಇಲ್ಲದೆಯೇ ಪ್ರೊಜೆಸ್ಟರಾನ್ ಎಂಬ ಸ್ಟೆರಾಯ್ಡ್ ತಯಾರಿಸುತ್ತದೆ. ಸ್ಟಾರ್ ಜೀನ್ ಕೆಟ್ಟು ಹುಟ್ಟಿದ ಮಗುವಿನಲ್ಲಿ ಪೆಟ್ಟು ಬೀಳುವುದು ಎರಡು ಹಂತದಲ್ಲಿ. ಮೊದಲು ತಯಾರಿಕೆ ಬಹಳ ಇಳಿಯುತ್ತದೆ, ಆದರೆ ಪೂರ್ತಿ ನಿಲ್ಲುವುದಿಲ್ಲ. ಇತ್ತ ಮೂತ್ರಪಿಂಡದ ಮೇಲಿರುವ ಅಡ್ರಿನಲ್ ಗ್ರಂಥಿಯನ್ನು ಪ್ರಚೋದಿಸುವ ಹಾರ್ಮೋನ್ ಎಸಿಟಿಎಚ್ ಏರುತ್ತದೆ, ಅಡ್ರಿನಲ್ ಕೋಶ ಇನ್ನಷ್ಟು ಕೊಲೆಸ್ಟ್ರಾಲ್ ಎಳೆದುಕೊಳ್ಳುತ್ತದೆ, ಬಳಕೆಯಾಗದ್ದು ಕೊಬ್ಬಿನ ಹನಿಗಳಾಗಿ ತುಂಬಿ ಕೋಶವನ್ನೇ ಹಾಳುಮಾಡುತ್ತದೆ. ಉಳಿದಿದ್ದ ತಯಾರಿಕೆಯೂ ಹೋಗುವುದು ಆಗ. ಕೆಲವು ಮಕ್ಕಳಲ್ಲಿ ಕಾಯಿಲೆ ಹುಟ್ಟಿದ ಕೂಡಲೇ ಕಾಣದೆ ವಾರಗಳ ನಂತರ ಕಾಣುವುದು ಇದರಿಂದಲೇ. ಈ ಎರಡು ಹಂತಗಳನ್ನು ಬಿಡಿಸಿ ಬರೆದು, ಮೂರನೆಯ ಪ್ಯಾರಾ ಒಂದನ್ನೇ ಮತ್ತೆ ಕಳಿಸಿ.