ಮಾಂಸವನ್ನು ಸ್ವಲ್ಪ ಸ್ವಲ್ಪವಾಗಿ ಬಿಡುವುದು ಮೋಸವೇ?

"ಪ್ರಾಣಿ ಕೊಲ್ಲುವುದು ತಪ್ಪು ಅಂತ ಅನ್ನಿಸಿಬಿಟ್ಟಿದೆ. ಆದರೂ ವಾರಕ್ಕೆ 2 ದಿನ ತಿನ್ನುತ್ತೇನೆ, ನಿಧಾನಕ್ಕೆ ಬಿಡೋಣ ಅಂತ. ಇದು ಮೋಸ ಅಲ್ವಾ?" ಎಂದು ಕೇಳಿದ್ದೀರಿ. ನಾನು ಪೂರ್ತಿ ಬಿಡಲು 3 ವರ್ಷ ತೆಗೆದುಕೊಂಡವನು. ಬುದ್ಧಿ ಹೇಳುವ ಯೋಗ್ಯತೆ ನನಗಿಲ್ಲ. ಎಲ್ಲಿ ಎಡವಿದೆ ಅಂತ ಹೇಳಬಲ್ಲೆ, ಅಷ್ಟೇ.

ಮೋಸ ಅಂತ ನನಗೇನೂ ಅನ್ನಿಸುವುದಿಲ್ಲ. ಮನಸ್ಸಿಗೆ ತಪ್ಪು ಅನ್ನಿಸಿದ ದಿನವೇ ನಾಲಿಗೆಯೂ ಒಪ್ಪಿಬಿಡುತ್ತದಾ? ಚಿಕ್ಕಂದಿನಿಂದ ಹತ್ತಿದ ರುಚಿ ಅದು. ಆದರೆ "ನಿಧಾನಕ್ಕೆ ಬಿಡ್ತಾ ಇದ್ದೀನಿ" ಅನ್ನುವ ಮಾತು ಬೆಚ್ಚಗಿನ ಹಾಸಿಗೆ ಇದ್ದ ಹಾಗೆ. ಅಲ್ಲೇ ನಿದ್ದೆ ಹತ್ತಿಬಿಡುತ್ತದೆ. ನನಗೆ ಒಂದು ವರ್ಷ ಹತ್ತಿತ್ತು.

ಆದದ್ದೇನೆಂದರೆ, ನಾನು ಮೊದಲು ಮಟನ್ ಬಿಟ್ಟೆ. ತುಂಬಾ ಜನ ಹೀಗೇ ಮಾಡುತ್ತಾರೆ. ಮೊದಲು ಕೆಂಪು ಮಾಂಸ, ಆಮೇಲೆ ಕೋಳಿ, ಕೊನೆಗೆ ಮೀನು. ಖಾಲಿಯಾದ ಜಾಗಕ್ಕೆ ನನ್ನ ತಟ್ಟೆಗೆ ಚಿಕನ್ ಬಂತು. ಒಂದು ರಾತ್ರಿ ಸುಮ್ನೆ ಲೆಕ್ಕ ಹಾಕಿದೆ. ಒಂದು ಕುರಿಯಿಂದ 15 ಕಿಲೋ ಮಾಂಸ ಸಿಗುತ್ತದೆ ಅಂದುಕೊಳ್ಳಿ, ಒಂದು ಕೋಳಿಯಿಂದ ಒಂದೂವರೆ ಕಿಲೋ. ಅಂದರೆ ಒಂದು ಕುರಿ ಉಳಿಸಿ 10 ಕೋಳಿ ತಿನ್ನುತ್ತಿದ್ದೆ! ಅದೂ ಬ್ರಾಯ್ಲರ್ ಕೋಳಿ. ಅವನ್ನು ಸುಮಾರು 6 ವಾರಕ್ಕೇ ಕೊಯ್ಯುತ್ತಾರೆ. ಆ ವಯಸ್ಸಿಗೆ ಅದು ದೊಡ್ಡ ಮೈಯ ಮರಿ, ಅಷ್ಟೇ. ಸಣ್ಣ ಮೀನಿನ ಲೆಕ್ಕವಂತೂ ಹಾಕಲು ಹೋಗಲಿಲ್ಲ.

ಪರಿಸರಕ್ಕಾಗಿ ಬಿಡುವವರಿಗೆ ಇದೇ ಲೆಕ್ಕ ಉಲ್ಟಾ. ದನ, ಕುರಿ, ಮೇಕೆ ಮೆಲುಕು ಹಾಕುತ್ತವೆ, ಅವುಗಳ ಹೊಟ್ಟೆಯಿಂದ ಭೂಮಿಯ ಬಿಸಿ ಏರಿಸುವ ಮೀಥೇನ್ ಅನಿಲ ಬರುತ್ತದೆ. ಕೋಳಿಯಿಂದ ಆ ಹೊರೆ ತುಂಬಾ ಕಡಿಮೆ. ಅದಕ್ಕೇ ಯಾಕೆ ಬಿಡುತ್ತಿದ್ದೇನೆ ಅನ್ನುವುದು ಮೊದಲು ನಿಮಗೇ ಸ್ಪಷ್ಟವಾಗಿರಲಿ. ನಿಮ್ಮ ಚಿಂತೆ ಕೊಲ್ಲುವುದರ ಬಗ್ಗೆ, ಅಲ್ವಾ? ಹಾಗಾದರೆ ಕೋಳಿಯಿಂದಲೇ ಶುರು ಮಾಡಿ. ಕೇಳಿದವರು ನಗುತ್ತಾರೆ, ನಗಲಿ.

ಮೊಟ್ಟೆಯಲ್ಲಿ ಕೊಲೆ ಇಲ್ಲ ಅಂತಲೂ ನಂಬಿದ್ದೆ. ಮೊಟ್ಟೆ ತಳಿಯ ಗಂಡು ಮರಿ ಮೊಟ್ಟೆ ಇಡುವುದಿಲ್ಲ, ಮಾಂಸಕ್ಕೂ ಲಾಭವಿಲ್ಲ. ಹಾಗಾಗಿ ಹುಟ್ಟಿದ ದಿನವೇ ಕೊಲ್ಲುವ ಪದ್ಧತಿ ಜಗತ್ತಿನ ಎಷ್ಟೋ ಕಡೆ ಇದೆ. ಜರ್ಮನಿ 2022ರಿಂದ ಅದನ್ನು ನಿಷೇಧಿಸಿತು. ಇದು ಗೊತ್ತಿದ್ದೂ ನಾನು ಇನ್ನೂ ಮೊಟ್ಟೆ ತಿನ್ನುತ್ತೇನೆ. ಬೈಯುವುದಿದ್ದರೆ ಬೈಯಿರಿ.

ಮೈ ವಿಷಯ ಬೇಗ ಹೇಳಿಬಿಡುತ್ತೇನೆ. ಬಿ12 ಪರೀಕ್ಷೆ ಮಾಡಿಸಿ, ಅದು ಮುಖ್ಯವಾಗಿ ಮಾಂಸ, ಮೊಟ್ಟೆ, ಹಾಲಿನಿಂದ ಸಿಗುವ ವಿಟಮಿನ್. ಯಕೃತ್ತಿನಲ್ಲಿ ಅದು ವರ್ಷಗಟ್ಟಲೆಗೆ ಆಗುವಷ್ಟು ಕೂಡಿಟ್ಟಿರುತ್ತದೆ, ಹಾಗಾಗಿ ಕೊರತೆ ತಡವಾಗಿ ಗೊತ್ತಾಗುತ್ತದೆ. ನನಗೆ ಬೆರಳು ಜೋಮು ಹಿಡಿಯಲು ಶುರುವಾದ ಮೇಲೆ ಡಾಕ್ಟರ ಹತ್ತಿರ ಹೋದೆ. ಕಾಳು, ಸೊಪ್ಪಿನ ಕಬ್ಬಿಣಾಂಶ ಮೈಗೆ ಹಿಡಿಯಲು ನಿಂಬೆರಸ ಒಳ್ಳೆಯದು. ಊಟದ ಜೊತೆಗೇ ಟೀ ಬೇಡ.

ಎಲ್ಲಕ್ಕಿಂತ ಕಷ್ಟ ಬಡಿಸುವವರದ್ದು. ನಾನು ಪೂರ್ತಿ ಬಿಟ್ಟು 2 ತಿಂಗಳಾಗಿತ್ತು. ದೊಡ್ಡಮ್ಮ ಸೌಟಿನಿಂದ ಒಂದೊಂದೇ ಪೀಸ್ ಪಕ್ಕಕ್ಕೆ ಸರಿಸಿ, "ಇದರಲ್ಲಿ ಏನೂ ಇಲ್ಲ ಕಣೋ, ಬರೀ ಗ್ರೇವಿ" ಅಂತ ನನ್ನ ಅನ್ನದ ಮೇಲೆ ಹಾಕಿದರು. ಆ ಕೋಳಿ ಹೇಗೂ ಸತ್ತಿತ್ತು. ನಾನು ಬೇಡ ಅಂದಿದ್ದರೆ ಬದುಕುತ್ತಿರಲಿಲ್ಲ, ದೊಡ್ಡಮ್ಮನ ಮುಖ ಮಾತ್ರ ಬಾಡುತ್ತಿತ್ತು. ತಿಂದೆ. ತುಂಬಾ ರುಚಿಯಾಗಿತ್ತು ಕೂಡ.

ಮುಂದಿನ ಸಲ ಹೋಗುವ 2 ದಿನ ಮುಂಚೆಯೇ ಫೋನ್ ಮಾಡಿ, ನನಗೆ ಅಂತ ಕೋಳಿ ತರಬೇಡಿ ಅಂದೆ. ಚೆನ್ನಾಗಿ ಬೈದು ಫೋನ್ ಇಟ್ಟರು. ಹೋದಾಗ ನನಗೆ ಅಂತಲೇ ಒಂದು ಸಣ್ಣ ಪಾತ್ರೆ ಬೇರೆಯಾಗಿ ಮುಚ್ಚಿಟ್ಟಿದ್ದರು.